ಕಾಲಡಿಯ ಕ್ಯಾಮ್‌ಶಾಫ್ಟ್

ನಮ್ಮ ಮನೆಗೆ ಬಂದವರು ಚಹಾ ಕುಡಿದು, ಊರ ಸುದ್ದಿಯನ್ನೆಲ್ಲ ಮುಗಿಸಿ, ಇನ್ನೇನು ಚಪ್ಪಲಿ ಹುಡುಕಬೇಕು ಎನ್ನುವಾಗ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. "ಅಲ್ಲ ಶೇಖರಣ್ಣ, ಆ ಸೋಫಾದ ಅಡಿಯಲ್ಲಿ ಉಂಟಲ್ಲ, ಅದು ಎಂತ?" ಕೇಳದೆ ಹೋಗುವ ಲಕ್ಷಣ ಕಂಡರೆ ನಾನೇ ಅದನ್ನು ಕಾಲಿನಿಂದ ಸ್ವಲ್ಪ ಈಚೆಗೆ ತಳ್ಳುತ್ತೇನೆ. ಅಷ್ಟು ಚಪಲ ಮನುಷ್ಯನಿಗೆ ಇರಬೇಕಾದ್ದೇ.

ಅದೊಂದು ಉಕ್ಕಿನ ಕೋಲು. ಒಂದು ಮೊಳ ಉದ್ದ. ಮೈತುಂಬ ಮೊಟ್ಟೆಯಾಕಾರದ ಉಬ್ಬುಗಳು, ಒಂದೊಂದು ಒಂದೊಂದು ಕಡೆಗೆ ಮುಖ ತಿರುಗಿಸಿಕೊಂಡು. ಸಂಜೆ ನನ್ನ ಹೆಂಡತಿ ವಿನೋದಾ ಧಾರಾವಾಹಿ ನೋಡುತ್ತ ಅದರ ಮೇಲೆ ಪಾದವಿಟ್ಟು ಹಿಂದೆ ಮುಂದೆ ಉರುಳಿಸುತ್ತಾಳೆ. ಟಿ.ವಿ.ಯಲ್ಲಿ ಅತ್ತೆ ಸೊಸೆಗೆ ಬೈದರೆ ಉರುಳುವ ವೇಗ ಹೆಚ್ಚುತ್ತದೆ. ಅವಳ ಹಿಮ್ಮಡಿ ನೋವು ಯಾವ ಡಾಕ್ಟರಿಗೂ ಬಗ್ಗದ್ದು ಈ ಕೋಲಿಗೆ ಬಗ್ಗಿದೆ. ಮೂಲೆಮನೆಯ ಹೆಂಗಸು ಅದನ್ನು ಕಂಡು ಆಯುರ್ವೇದದ್ದೇ ಇರಬೇಕೆಂದು ತೀರ್ಮಾನಿಸಿ, ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ವಿಚಾರಿಸಿದ್ದರು. ನನ್ನ ಅಂಗಡಿಯಲ್ಲಿ ಎಂದೆ. ನಂಬಲಿಲ್ಲ.

ಅದು ಕ್ಯಾಮ್‌ಶಾಫ್ಟ್. ಜರ್ಮನಿಯ ಒಂದು ಭಾರೀ ಕಾರಿನ ಎಂಜಿನ್ನಿನದ್ದು. ಕಾರಿನ ಹೆಸರು ಹೇಳುವುದಿಲ್ಲ. ತಮ್ಮ ಎಂಜಿನ್ನಿನ ಎದೆಯೊಳಗೆ ಇರಬೇಕಾದದ್ದು ಮಂಗಳೂರಿನ ಒಬ್ಬ ಗೃಹಿಣಿಯ ಹಿಮ್ಮಡಿಯ ಕೆಳಗಿದೆ ಎಂದು ತಿಳಿದರೆ ಆ ಕಂಪೆನಿಯವರಿಗೆ ಬೇಸರವಾದೀತು.

ಪಂಪ್‌ವೆಲ್‌ನಲ್ಲಿ ನನ್ನದೊಂದು ಸ್ಪೇರ್ ಪಾರ್ಟ್ಸ್ ಅಂಗಡಿ ಇದೆ. ಅದು ನನ್ನ ಅಪ್ಪ ಇಟ್ಟದ್ದು. ಕ್ಯಾಮ್‌ಶಾಫ್ಟ್ ಎಂದರೇನೆಂದು ಗೊತ್ತಿಲ್ಲದವರು ನಾಚಿಕೊಳ್ಳಬೇಕಾಗಿಲ್ಲ, ನನ್ನನ್ನು ಮದುವೆಯಾಗಿಯೂ ವಿನೋದಾಳಿಗೆ ಬಹಳ ಕಾಲ ಗೊತ್ತಿರಲಿಲ್ಲ. ಎಂಜಿನ್ ಒಳಗೆ ಗಾಳಿ ಬರಲು, ಹೊಗೆ ಹೋಗಲು ಪುಟ್ಟ ಪುಟ್ಟ ಬಾಗಿಲುಗಳಿರುತ್ತವೆ, ವಾಲ್ವ್ ಎನ್ನುತ್ತೇವೆ. ತಾವಾಗಿ ತೆರೆಯುವ ಬುದ್ಧಿ ಅವಕ್ಕಿಲ್ಲ. ಈ ಕೋಲು ತಿರುಗುತ್ತ ತನ್ನ ಉಬ್ಬುಗಳಿಂದ ಒಂದೊಂದನ್ನೇ ಸರಿಯಾದ ಹೊತ್ತಿಗೆ ತಿವಿದು ತೆರೆಸುತ್ತದೆ. ನಮ್ಮ ಅಜ್ಜಿ ಬೆಳಗ್ಗೆ ಚಾಪೆಯ ಸಾಲಿನಲ್ಲಿ ಮಲಗಿದ ಮೊಮ್ಮಕ್ಕಳನ್ನು ಹೀಗೆಯೇ ಒಬ್ಬೊಬ್ಬರನ್ನಾಗಿ ಮೊಣಕೈಯಿಂದ ತಿವಿದು ಎಬ್ಬಿಸುತ್ತಿದ್ದಳು. ಅಜ್ಜಿಯ ಮೊಣಕೈ ಸವೆದಿದ್ದರೆ ಆ ಮನೆ ಇನ್ನೂ ಮಲಗಿಯೇ ಇರುತ್ತಿತ್ತು. ಉಬ್ಬು ಸವೆದ ಎಂಜಿನ್ನಿನ ಪಾಡೂ ಅದೇ. ಮೊದಲು ಟಿಕ್ ಟಿಕ್ ಎನ್ನುತ್ತದೆ, ಆಮೇಲೆ ನಡುಗುತ್ತದೆ, ಕೊನೆಗೆ ಏಳುವುದೇ ಇಲ್ಲ.

ಇನ್ನೊಂದು ಮಾತು. ಅಂಥ ದೊಡ್ಡ ಕಾರುಗಳ ಎಂಜಿನ್ ಎರಡು ಮಗ್ಗುಲಿನದ್ದು. ಎಡದ ಮಗ್ಗುಲಿನ ಕೋಲು ಬಲಕ್ಕೆ ಆಗುವುದಿಲ್ಲ, ಬಲದ್ದು ಎಡಕ್ಕೆ ಆಗುವುದಿಲ್ಲ, ನಮ್ಮ ಚಪ್ಪಲಿಯ ಹಾಗೆ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ನಮ್ಮ ಮಾನ ಹೋದದ್ದು ಇಲ್ಲೇ.

ಅಸಲಿ ಯಾವುದು, ನಕಲಿ ಯಾವುದು ಎಂದು ಹೇಳುವುದರಲ್ಲಿ ನನಗೆ ಸ್ವಲ್ಪ ಹೆಸರಿದೆ. ಸ್ವಲ್ಪ ಏನು, ನಾನೇ ಹೇಳಿಕೊಂಡು ತಿರುಗಿ ತಿರುಗಿ ಚೆನ್ನಾಗಿಯೇ ಹೆಸರಾಗಿದೆ. ಈ ವಿದ್ಯೆ ನಾನು ಕಲಿತದ್ದು ಮೀನು ಮಾರ್ಕೆಟಿನಲ್ಲಿ, ಅಮ್ಮನ ಸೆರಗು ಹಿಡಿದು. ಅಮ್ಮ ಬಂಗುಡೆಯ ಕಿವಿರು ಎತ್ತಿ ನೋಡುವಳು, ಕಣ್ಣು ನೋಡುವಳು, ಹೊಟ್ಟೆ ಒತ್ತುವಳು, ಕೊನೆಗೆ ಮೂಸಿ ನೋಡಿ ವಾಪಸ್ ಬುಟ್ಟಿಗೇ ಹಾಕಿಬಿಡುವಳು. ಮೀನಿನಾಕೆಗೆ ಸಿಟ್ಟು ಬರುತ್ತಿತ್ತು. "ಎಂತ ಅಕ್ಕ, ಮೀನಿಗೆ ಗಂಡು ಹುಡುಕ್ಲಿಕ್ಕೆ ಬಂದದ್ದಾ ನೀವು?" ಎಂದು ಇಡೀ ಮಾರ್ಕೆಟಿಗೆ ಕೇಳುವ ಹಾಗೆ ಕೇಳುತ್ತಿದ್ದಳು. ನಾನು ಮಾಲು ಬಂದಾಗ ಮಾಡುವುದೂ ಇಷ್ಟೇ. ಕೋಲನ್ನು ಎರಡು ಕಟ್ಟೆಗಳ ಮೇಲೆ ಮಲಗಿಸಿ, ಮುಳ್ಳಿರುವ ಡಯಲ್ ಗೇಜ್ ಮುಟ್ಟಿಸಿ ತಿರುಗಿಸಿದರೆ ನೆಟ್ಟಗಿದೆಯೋ ಡೊಂಕೋ ಗೊತ್ತಾಗುತ್ತದೆ. ಮೈಕ್ರೋಮೀಟರ್ ಹಿಡಿದು ಉಬ್ಬುಗಳನ್ನು ಅಳೆದರೆ ಸುಳ್ಳು ಅಲ್ಲೇ ಸಿಕ್ಕಿಬೀಳುತ್ತದೆ. ಕೊನೆಗೆ ಮೂಸುತ್ತೇನೆ. ಮೂಸಿದರೆ ಏನೂ ಗೊತ್ತಾಗುವುದಿಲ್ಲ, ಗಿರಾಕಿಗೆ ನಂಬಿಕೆ ಬರುತ್ತದೆ.

ಇನ್ನು ಲ್ಯಾನ್ಸಿಯ ವಿಷಯಕ್ಕೆ ಬರುತ್ತೇನೆ. ಲ್ಯಾನ್ಸಿ ನನ್ನ ಬಾಲ್ಯದ ಗೆಳೆಯ. ಜೆಪ್ಪುವಿನಲ್ಲಿ ಅವರ ಮನೆ ಇಳಿಜಾರಿನ ತಲೆಯಲ್ಲಿ, ನಮ್ಮದು ಅದರ ಪಕ್ಕದ ಓಣಿಯಲ್ಲಿ. ಇಗರ್ಜಿ, ಅಂದರೆ ಅವರ ಚರ್ಚು, ಮತ್ತು ನಮ್ಮ ಶಾಲೆ ಇಳಿಜಾರಿನ ಬುಡದಲ್ಲಿ. ಲ್ಯಾನ್ಸಿಯ ಅಪ್ಪನ ಸೈಕಲ್ಲಿನ ಚೈನ್ ತುಂಡಾಗಿ, ಅದು ಜಗಲಿಯಲ್ಲಿ ಒರಗಿಕೊಂಡಿತ್ತು. ಬೆಳಗ್ಗೆ ಅದರ ಮೇಲೆ ಅವನು ಮುಂದೆ ನಾನು ಹಿಂದೆ ಕೂತು ಕಾಲೆತ್ತಿದರೆ ಸಾಕು, ಸೀದಾ ಶಾಲೆ. ಪೆಡಲ್ ತುಳಿಯುವವರನ್ನು ಕಂಡರೆ ನಮಗೆ ಅಯ್ಯೋ ಪಾಪ ಎನಿಸುತ್ತಿತ್ತು. ಬ್ರೇಕೂ ಅಷ್ಟಕ್ಕಷ್ಟೇ, ಲ್ಯಾನ್ಸಿ ಬಲಗಾಲಿನ ಚಪ್ಪಲಿಯನ್ನು ನೆಲಕ್ಕೆ ಉಜ್ಜಿ ನಿಲ್ಲಿಸುತ್ತಿದ್ದ. ಸಂಜೆ ಅದನ್ನು ಏದುಸಿರು ಬಿಡುತ್ತ ಮೇಲಕ್ಕೆ ತಳ್ಳಿಕೊಂಡು ಹೋಗಬೇಕಿತ್ತು. ಇಳಿಯುವಾಗ ರಾಜಕುಮಾರರು, ಹತ್ತುವಾಗ ಕೂಲಿಗಳು.

ಆಮೇಲೆ ಅವನು ಕುವೈತಿಗೆ ಹೋದ. ಅಲ್ಲಿ ಒಬ್ಬ ಸಾಹೇಬನ ಮನೆಯಲ್ಲಿ ಡ್ರೈವರ್. ತಲೆಗೂದಲು ಬಿಳಿಯಾದ ಮೇಲೆ ಊರಿಗೆ ಬಂದವನು ಮೊದಲು ಮಾಡಿದ ಕೆಲಸ ಒಂದು ಸೆಕೆಂಡ್‌ಹ್ಯಾಂಡ್ ಜರ್ಮನ್ ಕಾರು ಕೊಂಡದ್ದು. ಸಾಹೇಬನಲ್ಲಿದ್ದ ಜಾತಿಯದ್ದೇ, ಅದೇ ಕಪ್ಪು ಬಣ್ಣ. ಲ್ಯಾನ್ಸಿಯನ್ನು ಒಂದು ಅಭ್ಯಾಸ ಬಿಟ್ಟಿಲ್ಲ. ಯಾರೇ ಹತ್ತಲಿ, ಇಳಿದು ಬಂದು ಹಿಂದಿನ ಬಾಗಿಲು ತೆರೆದು ನಿಲ್ಲುತ್ತಾನೆ. ಒಮ್ಮೆ ಮಾರ್ಕೆಟಿನಿಂದ ಬರುವಾಗ ಮೀನಿನ ಚೀಲಕ್ಕೂ ಹಾಗೇ ತೆರೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅವನ ಮಗಳು ಶೆರಿಲ್, ನರ್ಸ್. ಅವಳ ಮದುವೆ ನಿಶ್ಚಯವಾಯಿತು. ಅದೇ ಹೊತ್ತಿಗೆ ಕಾರು ಟಿಕ್ ಟಿಕ್ ಎನ್ನಲು ಶುರುಮಾಡಿತು.

ಕಾರನ್ನು ನೋಡಿದ್ದು ನನ್ನ ಅಂಗಡಿಯ ಹಿಂದೆಯೇ ಗ್ಯಾರೇಜ್ ಇಟ್ಟಿರುವ ಅಬ್ಬಾಸ್. ಕೈಗುಣ ಒಳ್ಳೆಯದು, ಬಾಯಿ ಅದಕ್ಕಿಂತ ದೊಡ್ಡದು. ಬಾನೆಟ್ ತೆರೆದು, ಕಿವಿ ಕೊಟ್ಟು, "ಎಡದ ಕ್ಯಾಮ್‌ಶಾಫ್ಟ್ ಹೋಗಿದೆ. ಬೇರೆ ತನ್ನಿ, ಕಣ್ಣು ಮುಚ್ಚಿ ಹಾಕಿಕೊಡ್ತೇನೆ" ಎಂದ. ಕಂಪೆನಿಯ ಶೋರೂಮಿನಲ್ಲಿ ಕೇಳಿದರೆ ಹಳೆಯ ಮಾಡೆಲ್, ಹೊರದೇಶದಿಂದ ಬರಬೇಕು, ಮದುವೆ ಕಳೆದು ಮಗುವಿನ ನಾಮಕರಣದ ಹೊತ್ತಿಗೆ ಬಂದೀತು ಎಂಬ ಧಾಟಿಯಲ್ಲಿ ಮಾತಾಡಿದರು.

"ಬಿಡು ಮಾರಾಯ, ನಾನಿಲ್ವಾ?" ಎಂದೆ ಲ್ಯಾನ್ಸಿಗೆ. ಮನುಷ್ಯ ಹಾಳಾಗುವುದು ಇಂಥ ಮಾತುಗಳಿಂದಲೇ.

ಮೊದಲು ಉತ್ತರದ ಕಡೆಯ ಒಬ್ಬ ವ್ಯಾಪಾರಿಯನ್ನು ಫೋನಿನಲ್ಲಿ ಹಿಡಿದೆ. ಅವನು ಕಳಿಸಿದ ಪೆಟ್ಟಿಗೆಯ ಚಂದ ನೋಡಬೇಕು! ಮಿರಮಿರ ಮಿಂಚುವ ಸ್ಟಿಕ್ಕರು, ಜರ್ಮನ್ ಭಾಷೆಯಲ್ಲಿ ಏನೇನೋ ಎಚ್ಚರಿಕೆಗಳು. ಒಳಗಿನ ಕೋಲು ಗೇಜಿನ ಕೆಳಗೆ ತಿರುಗಿದಾಗ ಮುಳ್ಳು ಹುಚ್ಚು ಹಿಡಿದ ಹಾಗೆ ಕುಣಿಯಿತು. ಉಬ್ಬುಗಳು ಒಂದು ದಪ್ಪ, ಒಂದು ಸಪೂರ. ಕಿವಿರು ಎತ್ತಿ ನೋಡುವ ಮೊದಲೇ ನಾರುತ್ತಿತ್ತು. ಫೋನ್ ಮಾಡಿ ಬೈದೆ. ಅವನಿಗೇನೂ ಬೇಸರವಿಲ್ಲ. "ಸಾರ್, ನೂರಕ್ಕೆ ನೂರು ಒರಿಜಿನಲ್ ಡೂಪ್ಲಿಕೇಟ್ ಸಾರ್, ಇದಕ್ಕಿಂತ ಒಳ್ಳೆ ಡೂಪ್ಲಿಕೇಟ್ ನಿಮಗೆ ಎಲ್ಲೂ ಸಿಗುವುದಿಲ್ಲ" ಎಂದು ಅಭಿಮಾನದಿಂದ ಹೇಳಿದ. ವಾಪಸ್ ಕಳಿಸಿದೆ.

ಆಗ ನೆನಪಾದವನು ದಿನೇಶ, ವಿನೋದಾಳ ತಮ್ಮ. ಶಾರ್ಜಾದಲ್ಲಿ ಕೆಲಸ. ಅಲ್ಲಿ ಗುದ್ದಿಸಿಕೊಂಡ ದೊಡ್ಡ ದೊಡ್ಡ ಕಾರುಗಳನ್ನು ಬಿಚ್ಚಿ ಮಾರುವ ಅಂಗಡಿಗಳ ಬೀದಿಯೇ ಇದೆ. ದಿನೇಶ ಮದುವೆಯ ಹೊತ್ತಿಗೆ ರಜೆಯಲ್ಲಿ ಬರುವವನಿದ್ದ. ನಮ್ಮಲ್ಲಿ ಗಲ್ಫಿನಿಂದ ಬರುವವನ ಪೆಟ್ಟಿಗೆ ಅವನೊಬ್ಬನದ್ದಲ್ಲ. ಅರ್ಧ ಊರಿನ ಸಾಮಾನು ಅದರಲ್ಲಿರುತ್ತದೆ, ಮೂಲೆಯಲ್ಲಿ ಎಲ್ಲೋ ಅವನ ಎರಡು ಅಂಗಿ. ನಾನು ಸಣ್ಣವನಿರುವಾಗ ಓಣಿಯಲ್ಲಿ ಯಾರದಾದರೂ ಗಲ್ಫ್ ಪೆಟ್ಟಿಗೆ ತೆರೆದರೆ ಆ ಪರಿಮಳ ನಮ್ಮ ಜಗಲಿಗೆ ಬರುತ್ತಿತ್ತು. ಸೋಪು, ಖರ್ಜೂರ, ಹೊಸ ಬಟ್ಟೆ, ನೋವಿನ ಎಣ್ಣೆ ಎಲ್ಲ ಸೇರಿದ ವಾಸನೆ. ಅದರೊಳಗೆ ಈ ಸಲ ಒಂದು ಕ್ಯಾಮ್‌ಶಾಫ್ಟ್ ಸೇರಬೇಕು, ಅಷ್ಟೇ.

ದಿನೇಶ ಒಳ್ಳೆಯ ಹುಡುಗ. ಭಾವ ಎಂದರೆ ಅವನಿಗೆ ದೇವರ ಸಮಾನ. ಅಂಗಡಿಯಿಂದಲೇ ವಿಡಿಯೋ ಕಾಲ್ ಮಾಡಿದ. ನಾನು ಇಲ್ಲಿಂದ ಕನ್ನಡಕ ಏರಿಸಿ ಅಪ್ಪಣೆ ಕೊಟ್ಟೆ. "ನಂಬರ್ ತೋರಿಸು. ಇನ್ನೂ ಹತ್ತಿರ. ಈಗ ಗಾಜಿನ ಮೇಜಿನ ಮೇಲೆ ಉರುಳಿಸು." ಉರುಳಿತು, ಸೊಗಸಾಗಿ ಉರುಳಿತು. ನಂಬರ್ ಎಡದ್ದೇ. ಪಕ್ಕದಲ್ಲಿ ಲ್ಯಾನ್ಸಿ ಉಸಿರು ಬಿಗಿಹಿಡಿದು ನಿಂತಿದ್ದ. "ಮೂಸಿ ನೋಡು" ಎಂದೂ ಹೇಳಿದೆ. ದಿನೇಶ ಮೂಸಿದ. ಅಂಗಡಿಯ ಪಠಾಣ ಅವನನ್ನು ನೋಡಿದ ನೋಟ ನನಗೆ ಇಲ್ಲಿಂದಲೇ ಕಾಣುತ್ತಿತ್ತು. "ಇದೇ, ತೆಗೆದುಕೋ" ಎಂದೆ.

ಇಷ್ಟು ಕೇಳಿದ್ದೇ ಅಬ್ಬಾಸ್ ಉತ್ಸಾಹದಲ್ಲಿ ಎಂಜಿನ್ ಬಿಚ್ಚಿಬಿಟ್ಟ. ಹಳೆಯ ಕೋಲನ್ನು ಹಿಡಿದಿರುವ ಬೋಲ್ಟುಗಳನ್ನು ಎಲ್ಲ ಕಡೆಯಿಂದಲೂ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಅಬ್ಬಾಸ್ ಫೋನಿನಲ್ಲಿ ಯಾರಿಗೋ ತನ್ನ ಕೈಚಳಕ ವರ್ಣಿಸುತ್ತ ಒಂದೇ ಕಡೆಯಿಂದ ಬಿಚ್ಚಿದ. ಟಪ್ಪೆಂದು ಕೋಲು ನಡುವೆ ತುಂಡಾಯಿತು.

"ಹೊಸತು ಬರ್ತದಲ್ಲ ಶೇಖರಣ್ಣ, ಹಳತು ಎಂತಕ್ಕೆ?" ಎಂದ. ಆಗ ಅದು ನಮಗೆ ಸರಿ ಅಂತಲೇ ಕಂಡಿತು.

ಮದುವೆಯ ವಾರವೇ ದಿನೇಶ ಬಂದಿಳಿದ. ಸೀದಾ ಅಂಗಡಿಗೇ ಬಂದು, ಒಂದು ದಪ್ಪ ಟವೆಲ್ ಬಿಚ್ಚಿ ಕೋಲನ್ನು ನನ್ನ ಕೈಗಿಟ್ಟ. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಬಿಚ್ಚಿಸಿದರಂತೆ. ಇದೇನು ಎಂದು ಅಧಿಕಾರಿ ಹಿಂದಿಯಲ್ಲಿ ಕೇಳಿದರಂತೆ.

"ಕ್ಯಾಮ್‌ಶಾಫ್ಟ್ ಅಂದ್ರೆ ಎಂತ ಅಂತ ವಿವರಿಸುವಷ್ಟು ಹಿಂದಿ ನನಗೆ ಬರುದಿಲ್ಲ ಭಾವ. ಅಕ್ಕನಿಗೆ ಕಾಲು ಉಜ್ಜುವ ಕೋಲು ಅಂತ ಹೇಳಿಬಿಟ್ಟೆ. ಅವರು ಶೂ ತೆಗ್ದು ಒಮ್ಮೆ ಉಜ್ಜಿ ನೋಡಿದ್ರು. ಒಳ್ಳೇದುಂಟು ಅಂದ್ರು."

ಅಲ್ಲೇ ಕಾಯುತ್ತಿದ್ದ ಲ್ಯಾನ್ಸಿ, ಅಬ್ಬಾಸ್ ಸೇರಿ ಎಲ್ಲರೂ ನಕ್ಕೆವು. ನಾನು ಪರೀಕ್ಷೆಗೆ ಕೂತೆ. ಗೇಜಿನ ಮುಳ್ಳು ಅಲ್ಲಾಡಲಿಲ್ಲ. ಉಬ್ಬುಗಳ ಅಳತೆ ಕೂದಲೆಳೆಯಷ್ಟೂ ತಪ್ಪಿಲ್ಲ. ಮೂಸಿದೆ, ಖರ್ಜೂರದ ಪರಿಮಳ. "ಅಸಲಿ!" ಎಂದು ಘೋಷಿಸಿದೆ. ನಂಬರನ್ನು ಮಾತ್ರ ಓದಲಿಲ್ಲ. ವಿಡಿಯೋದಲ್ಲಿ ಓದಿದ್ದೆನಲ್ಲ! ಲ್ಯಾನ್ಸಿ ನನ್ನ ಎರಡೂ ಕೈ ಹಿಡಿದುಕೊಂಡು, "ನೀನು ನನ್ನ ಮಾನ ಉಳಿಸಿದಿ ಶೇಖರ" ಎಂದ. ನಾನು ಬಹಳ ಗಂಭೀರವಾಗಿ, ಇರಲಿ ಇರಲಿ ಎಂಬಂತೆ ತಲೆಯಾಡಿಸಿದೆ.

ಅಬ್ಬಾಸ್ ಕೋಲನ್ನು ಎತ್ತಿಕೊಂಡು ಗ್ಯಾರೇಜಿಗೆ ಹೋದ. ಬಹಳ ಹೊತ್ತು ಸದ್ದಿಲ್ಲ. ಆಮೇಲೆ ಒಂದು ಕೂಗು.

"ಶೇಖರಣ್ಣ! ಇದು ಕೂತ್ಕೊಳ್ಳುದಿಲ್ಲ! ಇದು ಬಲದ್ದು!"

ಓಡಿದೆ. ನಂಬರ್ ಓದಿದೆ. ಕನ್ನಡಕ ಒರೆಸಿ ಮತ್ತೆ ಓದಿದೆ. ಬಲದ್ದೇ. ಅಪ್ಪಟ ಅಸಲಿ, ನೆಟ್ಟಗಿನ, ನಿಷ್ಕಳಂಕವಾದ ಬಲದ್ದು. ದಿನೇಶನ ಕಡೆ ತಿರುಗಿದೆ. ಅವನ ಮುಖದಲ್ಲಿ ಸ್ವಲ್ಪವೂ ಅಳುಕಿಲ್ಲ.

"ಹೌದಲ್ಲ ಭಾವ. ನೀವು ಹೇಳಿದ್ದು ಎಡದ್ದು. ರೂಮಿಗೆ ಬಂದ ಮೇಲೆ ನನಗೆ ಹೊಳೆಯಿತು. ಅಲ್ಲಿ ಸ್ಟೇರಿಂಗ್ ಎಡದಲ್ಲಿ, ನಮ್ಮೂರಲ್ಲಿ ಬಲದಲ್ಲಿ. ಅಂದ್ರೆ ಎಲ್ಲ ಉಲ್ಟಾ ಅಲ್ವಾ? ಮರುದಿನ ಡ್ಯೂಟಿ ಬಿಟ್ಟು ಹೋಗಿ, ಆ ಪಠಾಣನ ಕೈಕಾಲು ಹಿಡಿದು ಬದಲಾಯಿಸಿಕೊಂಡು ಬಂದೆ."

"ನನಗೊಂದು ಫೋನ್ ಮಾಡ್ಲಿಕ್ಕೆ ಎಂತ ಆಗಿತ್ತು ನಿನಗೆ?"

"ಅದು ಹೇಗೆ ಭಾವ... ನೀವು ತಪ್ಪಿದ್ರಿ ಅಂತ ನಾನು ನಿಮ್ಮತ್ರ ಹೇಳುದಾ? ನಾಳೆ ಅಕ್ಕನಿಗೆ ಗೊತ್ತಾದ್ರೆ ಎಂತ ಅಂದಾಳು?"

ಎಂಜಿನ್ನಿಗೆ ತನ್ನ ಎಡಬಲ ತನ್ನದೇ. ಸ್ಟೇರಿಂಗ್ ಅತ್ತ ಇರಲಿ ಇತ್ತ ಇರಲಿ, ಅದು ಬದಲಾಗುವುದಿಲ್ಲ ಎಂದು ಅವನಿಗೆ ವಿವರಿಸಬೇಕೆಂದುಕೊಂಡೆ. ಆದರೆ ಇಷ್ಟು ಮರ್ಯಾದೆ ಕೊಡುವ ಭಾವಮೈದುನನಿಗೆ ಬೈಯುವುದಾದರೂ ಹೇಗೆ? ಅಂಥವನನ್ನು ಪಡೆಯಲು ಪುಣ್ಯ ಮಾಡಿರಬೇಕು, ಅನುಭವಿಸಲು ಪಾಪ.

ಲ್ಯಾನ್ಸಿ ಅಂಗಡಿಯ ಸ್ಟೂಲಿನ ಮೇಲೆ ಕೂತುಬಿಟ್ಟ. ನಾನು ಸಮಾಧಾನ ಮಾಡಲು ಹೋದೆ. "ಫೆಲಿಕ್ಸ್ ಕಾರು ಕೊಡ್ತೇನೆ ಅಂದಿದ್ದಾನಲ್ಲ ಮಾರಾಯ."

ಫೆಲಿಕ್ಸ್ ಎಂದರೆ ಲ್ಯಾನ್ಸಿಯ ಹೆಂಡತಿಯ ಅಣ್ಣ. ದೊಡ್ಡ ವ್ಯಾಪಾರಿ, ಲ್ಯಾನ್ಸಿಯದ್ದಕ್ಕಿಂತ ದೊಡ್ಡ ಕಾರು. ಕಾರಿನ ಜತೆಗೆ ಬಿಳಿ ಯೂನಿಫಾರಂ ಹಾಕಿದ ಡ್ರೈವರನನ್ನೂ ಕಳಿಸುತ್ತೇನೆ, ನೀನು ಆರಾಮವಾಗಿ ಕೂತುಕೋ ಎಂದು ಹೇಳಿದ್ದ.

"ನನಗೆ ಕೂತ್ಕೊಳ್ಳುದು ಬೇಡ" ಎಂದ ಲ್ಯಾನ್ಸಿ. ಕಣ್ಣು ತುಂಬಿತ್ತು. "ಅಲ್ಲಿ ಸಾಹೇಬನ ಮಕ್ಕಳನ್ನು ದಿನಾ ಶಾಲೆಗೆ ಬಿಡ್ತಿದ್ದೆ ಶೇಖರ. ಬಾಗಿಲು ತೆರೆದು ನಿಲ್ಲುದು, ಅವರು ಹತ್ತುದು. ನನ್ನ ಮಗಳು ಇಲ್ಲಿ ಮಳೆಯಲ್ಲಿ ನೆನೀತಾ ಬಸ್ಸಿಗೆ ಓಡ್ತಿದ್ಲು. ಫೋನಿನಲ್ಲಿ ಹೇಳ್ತಿದ್ಲು, ಪಪ್ಪಾ ಇವತ್ತು ಸೀಟ್ ಸಿಕ್ಕಿತು ಅಂತ. ಒಂದು ಸಲ, ಒಂದೇ ಸಲ ನನ್ನ ಮಗಳಿಗೆ ನಾನು ಡ್ರೈವರ್ ಆಗ್ಬೇಕು. ಅದಕ್ಕೇ ಈ ಕಾರು ತಗೊಂಡದ್ದು. ಇಲ್ಲದಿದ್ರೆ ನನಗೆ ಎಂತಕ್ಕೆ ಮಾರಾಯ ಜರ್ಮನ್ ಕಾರು?"

ಅಬ್ಬಾಸ್ ಕೈ ಒರೆಸುತ್ತ ಬೇರೆ ಕಡೆ ನೋಡಿದ. ದಿನೇಶ ಟವೆಲನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದ.

ಲ್ಯಾನ್ಸಿ ತಲೆಯೆತ್ತಿದ.

"ಶೇಖರ, ಚೈನಿಲ್ಲದ ಸೈಕಲ್ ನೆನಪುಂಟಾ ನಿನಗೆ?"

ಅವನ ಮುಖ ನೋಡಿದೆ. ಅದೇ ಮುಖ, ಜಗಲಿಯಿಂದ ಸೈಕಲ್ ಇಳಿಸುವಾಗಿನದ್ದು.

"ಹುಚ್ಚಾ ನಿನಗೆ? ಅದು ಸೈಕಲ್, ಇದು ಎಷ್ಟು ಭಾರ ಉಂಟು ಗೊತ್ತುಂಟಾ?"

"ಭಾರ ಇದ್ರೆ ಒಳ್ಳೇದಲ್ಲ? ಚಂದ ಇಳೀತದೆ."

ರೋಸ್ ದಿನ, ಅಂದರೆ ಮದುವೆಯ ಹಿಂದಿನ ದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ಶಾಸ್ತ್ರದ ದಿನ, ಮನೆಯವರೆಲ್ಲ ಚಪ್ಪರದಲ್ಲಿ ಹಾಡಿಕೊಂಡು ಶೆರಿಲಳ ತಲೆಗೆ ಹಾಲು ಸುರಿಯುತ್ತಿರುವಾಗ ನಾವು ನನ್ನ ವ್ಯಾನಿಗೆ ಹಗ್ಗ ಕಟ್ಟಿ ಕಾರನ್ನು ಪಂಪ್‌ವೆಲ್‌ನಿಂದ ಜೆಪ್ಪುವಿಗೆ ಎಳೆದು ತಂದೆವು. ಹಗ್ಗ ಯಾರಿಗೂ ಕಾಣದಿರಲೆಂದು ದಿನೇಶ ಅದಕ್ಕೆ ಚೆಂಡುಹೂವಿನ ಮಾಲೆ ಸುತ್ತಿದ್ದ. ಫ್ಲೈಓವರಿನ ಹತ್ತಿರ ಟ್ರಾಫಿಕ್ ಪೊಲೀಸ್ ನಮ್ಮನ್ನು ಏನೋ ಉತ್ಸವ ಎಂದು ತಿಳಿದು ಬಸ್ಸುಗಳನ್ನು ನಿಲ್ಲಿಸಿ ದಾರಿ ಬಿಡಿಸಿಕೊಟ್ಟ. ಮನೆ ಸೇರಿದಾಗ ಲ್ಯಾನ್ಸಿ ಗೇಟಿನಲ್ಲಿ ನಿಂತಿದ್ದ, ಕೈತುಂಬ ತೆಂಗಿನ ಹಾಲು, ಕಣ್ಣುತುಂಬ ಗಾಬರಿ.

ಮದುವೆಯ ಬೆಳಗ್ಗೆ ಕಾರು ಇಳಿಜಾರಿನ ತಲೆಯಲ್ಲಿ ಹೂ ಮುಡಿದು ನಿಂತಿತ್ತು. ಬ್ಯಾಟರಿ ಇತ್ತಲ್ಲ, ಲೈಟು ಉರಿಯುತ್ತಿತ್ತು, ಒಳಗೆ ಹಾಡೂ ಬರುತ್ತಿತ್ತು. ಎಂಜಿನ್ ಮಾತ್ರ ಇರಲಿಲ್ಲ ಎಂದೇ ಹೇಳಬೇಕು. ಎಂಜಿನ್ ಓಡದಿದ್ದರೆ ಅಂಥ ಕಾರಿನ ಬ್ರೇಕ್ ಕಲ್ಲಿನಷ್ಟು ಗಟ್ಟಿ, ಸ್ಟೇರಿಂಗ್ ರುಬ್ಬುವ ಕಲ್ಲಿನಷ್ಟು ಭಾರ. ಲ್ಯಾನ್ಸಿ ಸೂಟು ಹಾಕಿ ಸ್ಟೇರಿಂಗ್ ಹಿಡಿದ. ಪಕ್ಕದಲ್ಲಿ ಲ್ಯಾನ್ಸಿಯದ್ದೇ ಹಳೆಯ ಕೋಟು ಹಾಕಿಕೊಂಡ ಅಬ್ಬಾಸ್, ಕೈ ಹ್ಯಾಂಡ್ ಬ್ರೇಕಿನ ಮೇಲೆ, ತುಟಿ ಪ್ರಾರ್ಥನೆಯಲ್ಲಿ. ಲ್ಯಾನ್ಸಿಯೂ ಶಿಲುಬೆಯ ಗುರುತು ಮಾಡಿಕೊಂಡ. ನಾನು ನಮ್ಮ ದೈವಕ್ಕೆ ಹರಕೆ ಹೇಳಿದೆ. ಮೂರು ಕಡೆಯಿಂದ ಬಂದೋಬಸ್ತು.

ಶೆರಿಲ್ ಬಂದಳು. ಲ್ಯಾನ್ಸಿ ಇಳಿದು, ಕೋಟಿನ ಗುಂಡಿ ಹಾಕಿ, ಹಿಂದಿನ ಬಾಗಿಲು ತೆರೆದು ನೆಟ್ಟಗೆ ನಿಂತ. ಅವಳು ಬಿಳಿ ಗೌನು ಎತ್ತಿ ಹಿಡಿದು ಹತ್ತಿದಳು. ಅವನು ಬಾಗಿಲು ಹಾಕಿದ, ಮೆಲ್ಲಗೆ, ಸದ್ದಾಗದ ಹಾಗೆ.

ಮುಂದೆ ಬ್ಯಾಂಡಿನವರು. ಪಕ್ಕದಲ್ಲಿ ನಾನು. ಹಿಂದೆ ದಿನೇಶ, ಯಾರಿಗೂ ಕಾಣದ ಹಾಗೆ ಸೊಂಟದಿಂದ ಒಂದು ನೂಕು ಕೊಟ್ಟ. ಕಾರು ಹೊರಟಿತು.

ಸದ್ದೇ ಇಲ್ಲ. ಎಲೆ ನೀರಿನಲ್ಲಿ ಹೋದ ಹಾಗೆ ಹೋಗುತ್ತಿತ್ತು. ಇಕ್ಕೆಲದ ಗೇಟುಗಳಲ್ಲಿ ನಿಂತವರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು. ಫೆಲಿಕ್ಸ್ ನನ್ನ ಪಕ್ಕದಲ್ಲೇ ನಡೆಯುತ್ತಿದ್ದ. "ಎಂತ ಎಂಜಿನ್ ಮಾರಾಯ್ರೆ! ಆನ್ ಇದ್ದದ್ದೇ ಗೊತ್ತಾಗುದಿಲ್ಲ. ನನ್ನದಕ್ಕೆ ಇಷ್ಟು ಸೈಲೆನ್ಸ್ ಇಲ್ಲ" ಎಂದ. ಅದೊಂದು ಮಾತಿಗೆ ಆ ವಾರದ ಕಷ್ಟವೆಲ್ಲ ಕರಗಿಹೋಯಿತು.

ಆದರೆ ಇಳಿಜಾರು ಇಳಿಜಾರೇ. ಅರ್ಧ ದಾರಿಯಲ್ಲಿ ಕಾರಿಗೆ ವೇಗ ಬಂತು. ಬಂಪರು ಡೋಲಿನವನ ಹಿಂಭಾಗಕ್ಕೆ ಮೆಲ್ಲಗೆ ಮುತ್ತಿಕ್ಕಿತು. ಅವನು ತಿರುಗಿ ನೋಡಿದ, ಕಣ್ಣರಳಿಸಿದ, ತಾಳ ಬದಲಾಯಿಸಿದ. "ಬೇಗ ಬೇಗ!" ಎಂದು ನಾನು ಕೂಗಿದೆ. ಮೆರವಣಿಗೆಯ ನಿಧಾನದ ಧಾಟಿ ನೋಡನೋಡುತ್ತ ಓಡುವ ಧಾಟಿಯಾಯಿತು. ಕಹಳೆಯವರು ಊದುತ್ತ ಓಡಿದರು, ಡೋಲಿನವನು ಬಡಿಯುತ್ತ ಓಡಿದ, ಸೀರೆಯುಟ್ಟ ಹೆಂಗಸರು ಚಪ್ಪಲಿ ಕೈಯಲ್ಲಿ ಹಿಡಿದು ಓಡಿದರು. ನಗು, ಶಿಳ್ಳೆ, ಜೈಕಾರ. ಒಳಗೆ ಅಬ್ಬಾಸ್ ಕಣ್ಣು ಮುಚ್ಚಿದ್ದ. ಕಣ್ಣು ಮುಚ್ಚಿ ಕೆಲಸ ಮಾಡುತ್ತೇನೆಂದು ಅವನು ಮೊದಲೇ ಹೇಳಿದ್ದ. ಲ್ಯಾನ್ಸಿ ಬಲಗಾಲಿನ ಮೇಲೆ ನಿಂತೇಬಿಟ್ಟಿದ್ದ, ಮೈಯ ಭಾರವನ್ನೆಲ್ಲ ಬ್ರೇಕಿಗೆ ಹಾಕಿ. ಚಪ್ಪಲಿ ಸವೆಸಿದ ಅದೇ ಬಲಗಾಲು.

ಇಗರ್ಜಿಯ ಮೆಟ್ಟಿಲಿನ ಎದುರು, ಎಲ್ಲಿ ನಿಲ್ಲಬೇಕೋ ಅಲ್ಲೇ, ಕಾರು ನಿಂತಿತು.

ಲ್ಯಾನ್ಸಿ ಬೆವರು ಒರೆಸಿ, ಇಳಿದು, ಬಾಗಿಲು ತೆರೆದು ನಿಂತ. ಶೆರಿಲ್ ತಕ್ಷಣ ಇಳಿಯಲಿಲ್ಲ.

"ಪಪ್ಪಾ, ಎಂಜಿನ್ ಆನೇ ಇರ್ಲಿಲ್ಲ ಅಲ್ವಾ?" ಎಂದಳು ಮೆಲ್ಲಗೆ.

"ಒಳ್ಳೆ ಕಾರು ಹಾಗೆಯೇ ಮಗಳೇ."

ಅವಳು ನಕ್ಕಳು. ಕೈ ಚಾಚಿದಳು. "ಥ್ಯಾಂಕ್ಯೂ ಡ್ರೈವರ್" ಎಂದಳು.

"ಯೆಸ್ ಮೇಡಂ" ಎಂದ ಲ್ಯಾನ್ಸಿ. ಅವಳ ಕೈ ಹಿಡಿದು ಇಳಿಸಿದ. ನಾನು ಕನ್ನಡಕ ತೆಗೆದು ಒರೆಸಿದೆ. ದಿನೇಶನಂತೂ ಮದುಮಗಳ ತಾಯಿಗಿಂತ ಹೆಚ್ಚು ಅತ್ತ.

ಇಗರ್ಜಿಯ ಕೆಲಸ ಮುಗಿದು ಊಟದ ಹಾಲ್‌ಗೆ ಹೋಗುವಾಗ ಹೊಸ ಸಮಸ್ಯೆ. ಹಾಲ್ ಇರುವುದು ಸ್ವಲ್ಪ ಏರಿನಲ್ಲಿ. ನಾನು, ದಿನೇಶ, ಅಬ್ಬಾಸ್ ಹಿಂದೆ ನಿಂತು ತಳ್ಳತೊಡಗಿದೆವು. ಮದುಮಗನ ಗೆಳೆಯರೂ ತಮಾಷೆಗೆ ಕೈ ಹಾಕಿದರು. ಫೆಲಿಕ್ಸ್ ಓಡಿ ಬಂದ. "ಎಂತ ಇದು? ಯಾಕೆ ತಳ್ಳುದು?"

ಲ್ಯಾನ್ಸಿ ಕಿಟಕಿಯಿಂದ ತಲೆ ಹೊರಹಾಕಿದ. ಮುಖದ ಒಂದು ಗೆರೆಯೂ ಅಲ್ಲಾಡಲಿಲ್ಲ. "ನಮ್ಮ ಕಡೆ ಹಳೇ ಕ್ರಮ ಉಂಟು ಭಾವ. ಮದುಮಗಳು ಇಗರ್ಜಿಯಿಂದ ಹೊರಟಾಗ ಕಾರನ್ನು ಊರವರು ಕೈಯಾರೆ ತಳ್ಳಬೇಕು. ಶುಭ."

"ನಾನು ಕೇಳಿಯೇ ಇಲ್ಲ."

"ನಿಮ್ಮ ಕಡೆಯವರು ಬಿಟ್ಟಿರಬೇಕು."

ಫೆಲಿಕ್ಸಿಗೆ ಇದು ಚುಚ್ಚಿತು. ಕೋಟು ಬಿಚ್ಚಿ ಕೊಟ್ಟು, ಅವನೂ ತಳ್ಳಿದ.

ಆಮೇಲೆ ದಿನೇಶ ಪ್ರಾಯಶ್ಚಿತ್ತಕ್ಕೆ ಎಡದ ಕೋಲನ್ನೂ ತರಿಸಿಕೊಟ್ಟ. ಈ ಸಲ ನಾನು ನಂಬರನ್ನು ಮೊದಲು ಓದಿ ಆಮೇಲೆ ಮೂಸಿದೆ. ಕಾರು ಈಗ ಚೆನ್ನಾಗಿ ಓಡುತ್ತದೆ. ಬಲದ ಕೋಲನ್ನು ಹಿಂದೆ ಪಡೆಯಲು ಪಠಾಣ ಒಪ್ಪಲಿಲ್ಲ. ಟವೆಲಿನೊಂದಿಗೆ ಅದು ಮನೆಗೆ ಬಂತು. ಅಧಿಕಾರಿಯ ಕಾಲಿನ ಕಥೆಯನ್ನು ದಿನೇಶ ಅಕ್ಕನಿಗೆ ಹೇಳಿದ. ಅವಳು ಒಮ್ಮೆ ಪಾದ ಇಟ್ಟು ನೋಡಿದಳು. ಅಲ್ಲಿಗೆ ಮುಗಿಯಿತು.

ಇದೆಲ್ಲ ಈಗ ನೆನಪಾಗಲು ಕಾರಣ, ಮೊನ್ನೆ ಫೆಲಿಕ್ಸನ ಮಗನ ಮದುವೆ. ಇಗರ್ಜಿಯ ಎದುರು ಹೊಚ್ಚಹೊಸ ಕಾರು, ಒಳಗೆ ತಂಪು, ಎಂಜಿನ್ ಗುರ್ ಎನ್ನುತ್ತಿದೆ. ಫೆಲಿಕ್ಸ್ ನಮ್ಮನ್ನೆಲ್ಲ ಕರೆದ. "ಬನ್ನಿ ಬನ್ನಿ, ಕ್ರಮ ತಪ್ಪಬಾರದು." ಇಡೀ ನೆಂಟರ ದಂಡು ಕಾರಿನ ಬೆನ್ನಿಗೆ ಕೈಕೊಟ್ಟಿತು. ನಾನೂ ಕೊಟ್ಟೆ. ಎಷ್ಟು ತಳ್ಳಿದರೂ ಕಾರು ಕದಲದು. ಪಕ್ಕದಲ್ಲಿ ಲ್ಯಾನ್ಸಿ, ಮುಖ ಕೆಂಪೇರಿಸಿಕೊಂಡು ತಳ್ಳುತ್ತ, ನನ್ನ ಕಿವಿಯಲ್ಲಿ ಹೇಳಿದ:

"ಹ್ಯಾಂಡ್ ಬ್ರೇಕ್ ತೆಗ್ದಿದ್ದಾನಾ ಕೇಳು ಮಾರಾಯ."

ತೆಗೆದಿರಲಿಲ್ಲ.

ಸಂಜೆ ಮನೆಗೆ ಬಂದವನು ಸೋಫಾದಲ್ಲಿ ಬಿದ್ದುಕೊಂಡು ಕೋಲನ್ನು ಕಾಲಿನಿಂದ ಎಳೆದುಕೊಂಡೆ. ಎಡ ಹಿಮ್ಮಡಿ ಕಿತ್ತು ಬರುವ ಹಾಗೆ ನೋಯುತ್ತಿತ್ತು. ವಿನೋದಾ ಟಿ.ವಿ.ಯಿಂದ ಕಣ್ಣು ತೆಗೆಯದೆಯೇ ನನ್ನ ಪಾದದತ್ತ ಒಮ್ಮೆ ನೋಡಿದಳು, ಅದು ಅವಳಿಗೆ ಹೇಗೆ ಸಾಧ್ಯವೋ.

"ಎಡಗಾಲಿಗೆ ಯಾಕೆ ಇಟ್ಟದ್ದು? ಅದು ಬಲದ್ದಲ್ವಾ?"

ನಾನು ಕಾಲು ಬದಲಾಯಿಸಿದೆ.